ಕರೆಯುವ ಹೆಸರು

ವಾಗೆನಿಂಗನ್,
ಅಕ್ಟೋಬರ್ 3, 2025

ಪ್ರೀತಿಯ ಅಜ್ಜಿಗೆ ನಿನ್ನ ಬುಲ್ಕಿಯ ನಮಸ್ಕಾರ.

ಮೊಣಕಾಲು ನೋವು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೀಯೋ, ಇಲ್ಲ ಶೀಸೆಯನ್ನು ದೇವರ ಗೂಡಿನಲ್ಲಿಟ್ಟು ಪೂಜೆ ಮಾಡುತ್ತಿದ್ದೀಯೋ? ಕಣ್ಣಿನ ಆಪರೇಶನ್ ಆದ ಮೇಲೆ ನೀನು ಮತ್ತೆ ಪೇಪರ್ ಓದುತ್ತಿದ್ದೀ ಎಂದು ಅಪ್ಪ ಹೇಳಿದರು. ಅದಕ್ಕೇ ಧೈರ್ಯ ಮಾಡಿ ಪತ್ರ ಬರೆಯುತ್ತಿದ್ದೇನೆ, ಅಕ್ಷರ ದಪ್ಪಗಿವೆ ನೋಡು. ಫೋನಿನಲ್ಲಾದರೆ ನೀನು 'ಆರಾಮ ಅದೀನಿ, ನೀ ಉಂಡೇನು?' ಎಂದು ಅದನ್ನು ಅಪ್ಪನ ಕೈಗೆ ದಾಟಿಸಿಬಿಡುತ್ತೀ. ಅಪ್ಪ ಸ್ಪೀಕರ್ ಹಾಕಿ ಇಡೀ ಓಣಿಗೆ ಕೇಳಿಸುತ್ತಾರೆ. ನಮ್ಮಿಬ್ಬರ ಮಾತು ಆಗುವುದು ಯಾವಾಗ? ಇದನ್ನು ನೀನೊಬ್ಬಳೇ ಓದಬೇಕು.

ನಾನು ಚೆನ್ನಾಗಿದ್ದೇನೆ. ದಿನವಿಡೀ ಪ್ರಯೋಗಶಾಲೆಯಲ್ಲಿ ಬೀಜಗಳ ನಡುವೆ ಕೂತು, ಸಂಜೆ ಎದುರುಗಾಳಿಯಲ್ಲಿ ಸೈಕಲ್ ತುಳಿದುಕೊಂಡು ಮನೆಗೆ ಬರುತ್ತೇನೆ. ನೀನು ಕಟ್ಟಿಕೊಟ್ಟ ಶೇಂಗಾ ಚಟ್ನಿ ತಳದಲ್ಲಿ ಸ್ವಲ್ಪ ಉಳಿದಿದೆ. ಮುಗಿಸಲು ಮನಸ್ಸು ಬಾರದೆ ಡಬ್ಬಿ ತೆರೆದು ವಾಸನೆ ನೋಡಿ ಮತ್ತೆ ಮುಚ್ಚಿಡುತ್ತೇನೆ. ಜೋಳದ ಹಿಟ್ಟಿನದು ಬೇರೆಯೇ ಕಥೆ. ಒಂದು ಸಂಜೆ ನಾನು ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯ ಮಾರ್ಲೇನ್ ಬಂದು ಬಾಗಿಲು ತಟ್ಟಿದಳು. ಜಗಳಕ್ಕೆಂದು ಬಂದವಳು ಎರಡು ರೊಟ್ಟಿ ತಿಂದು ಹೋದಳು, ಅಂದಿನಿಂದ ಗೆಳತಿಯಾದಳು. ಆಕೆ ಇಲ್ಲಿಯ ಹೈಸ್ಕೂಲಿನಲ್ಲಿ ಇತಿಹಾಸದ ಟೀಚರ್. ಅವಳ ವಿದ್ಯಾರ್ಥಿಗಳು ಕೆನಡಾ ದೇಶದ ಮೂಲನಿವಾಸಿಗಳ ಬಗ್ಗೆ ಕಲಿತದ್ದನ್ನು ಸಭೆಯಲ್ಲಿ ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ಸ್ವಲ್ಪ ತಿದ್ದಿಕೊಡು ಬಾ ಎಂದು ನನ್ನನ್ನು ಎಳೆದುಕೊಂಡು ಹೋದಳು.

ಆ ದೇಶದಲ್ಲಿ ಸರ್ಕಾರ ಮತ್ತು ಚರ್ಚಿನವರು ಸೇರಿ ಮೂಲನಿವಾಸಿಗಳ ಮಕ್ಕಳನ್ನು ತಾಯಿತಂದೆಯರಿಂದ ಬಿಡಿಸಿ ದೂರದ ವಸತಿಶಾಲೆಗಳಲ್ಲಿ ಇಟ್ಟಿದ್ದರಂತೆ. ಕೂದಲು ಕತ್ತರಿಸಿದರು, ಮನೆಯ ಮಾತು ಆಡಿದರೆ ಹೊಡೆದರು, ಎಷ್ಟೋ ಕಡೆ ಹೆಸರಿನ ಬದಲು ನಂಬರು ಕೊಟ್ಟರು. ಮನೆಗೆ ಮರಳದೇ ಹೋದ ಮಕ್ಕಳೂ ಬಹಳ. ಒಬ್ಬ ಹುಡುಗಿಯ ಹೊಸ ಕಿತ್ತಳೆ ಅಂಗಿಯನ್ನು ಮೊದಲ ದಿನವೇ ಕಸಿದುಕೊಂಡಿದ್ದರು ಎಂದು, ಸೆಪ್ಟೆಂಬರಿನ ಕೊನೆಯ ದಿನ ಕಿತ್ತಳೆ ಅಂಗಿ ತೊಟ್ಟು ಅವರನ್ನೆಲ್ಲ ನೆನೆಯುತ್ತಾರೆ. ನಮ್ಮ ಹುಡುಗರೂ ಹಾಗೇ ಮಾಡಲು ಹೊರಟರು. ಆದರೆ ನಾನಿರುವ ಈ ಡಚ್ಚರ ದೇಶದಲ್ಲಿ ಕಿತ್ತಳೆ ಎಂದರೆ ರಾಜನ ಹುಟ್ಟುಹಬ್ಬ ಮತ್ತು ಫುಟ್‌ಬಾಲ್. ಕಪಾಟಿನಿಂದ ತಂದ ಅಂಗಿಗಳ ಮೇಲೆಲ್ಲ ಕಿರೀಟ, ಸಿಂಹ, ಒಬ್ಬನದರ ಮೇಲಂತೂ ನೊರೆ ಉಕ್ಕುವ ಬಿಯರ್ ಗ್ಲಾಸು. ಮಾರ್ಲೇನ್ ತಲೆಯ ಮೇಲೆ ಕೈಹೊತ್ತು ಕೂತಳು. ಒಳಮಗ್ಗಲು ಹೊರಗೆ ಮಾಡಿ ಹಾಕಿಕೊಳ್ಳಿ ಎಂದೆ ನಾನು. ಹಬ್ಬಕ್ಕೆ ಮೊದಲೇ ಹೊಸ ಅಂಗಿ ಬೇಕೆಂದು ಹಟ ಹಿಡಿದಾಗ, ಕೊಳೆಯಾಗದಿರಲಿ ಎಂದು ನೀನು ನನಗೆ ಹಾಗೇ ತೊಡಿಸುತ್ತಿದ್ದೆಯಲ್ಲ.

ಆ ಹುಡುಗರು ಬರೆದುಕೊಂಡದ್ದರ ತುಂಬ ಇಸವಿ ಮತ್ತು ಕಾಯಿದೆ ಇದ್ದವು, ಒಂದು ಮಗುವೂ ಇರಲಿಲ್ಲ. ಹೆಸರಿನಿಂದ ಶುರು ಮಾಡಿ ಎಂದು ಹೇಳಿಕೊಟ್ಟೆ. ಇಲ್ಲಿ ಒಂದು ಪದ್ಧತಿ ನನಗೆ ಬಹಳ ಇಷ್ಟ ಅಜ್ಜಿ. ಕಾಗದಪತ್ರಕ್ಕೆ ಒಂದು ಹೆಸರು, ಕರೆಯಲು ಇನ್ನೊಂದು. ಅರ್ಜಿಯಲ್ಲೇ ಅದಕ್ಕೆ ಬೇರೆ ಜಾಗ ಬಿಟ್ಟು ರೂಪ್‌ನಾಮ್ ಎಂದು ಬರೆದಿರುತ್ತಾರೆ, ಅಂದರೆ ನಮ್ಮ ಕರೆಯುವ ಹೆಸರೇ. ಬಂದ ಹೊಸದರಲ್ಲಿ ನಾನು ಅಲ್ಲಿ ಬುಲ್ಕಿ ಎಂದು ತುಂಬಿಬಿಟ್ಟೆ. ಚಂದ್ರಪ್ರಭಾ ಎನ್ನಲು ಹೋಗಿ ಇವರ ನಾಲಿಗೆ ಉಳುಕುವುದು ತಪ್ಪಿತು. ಈಗ ದೊಡ್ಡ ದೊಡ್ಡ ಪ್ರೊಫೆಸರುಗಳೂ ನನ್ನನ್ನು ಬುಲ್ಕಿ ಎನ್ನುತ್ತಾರೆ. ಕೇಳಿದಾಗಲೆಲ್ಲ ನಮ್ಮ ಓಣಿ ಕಣ್ಣಿಗೆ ಬರುತ್ತದೆ. ಗೆಳತಿಯರು ಹೊರಗಿನಿಂದ 'ಏ ಬುಲ್ಕೀ' ಎಂದು ಕೂಗಿದರೆ, ನನಗಿಂತ ಮೊದಲು ಒಲೆಯ ಮುಂದಿನಿಂದ ನೀನು 'ಓ' ಎನ್ನುತ್ತಿದ್ದೆ. ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲ ತನಕ ಬಂದುಬಿಡುತ್ತಿದ್ದೆ. 'ನಿನಗಲ್ಲಬೇ, ನನಗ ಕರ್ಯಾಕತ್ತಾರ' ಎಂದು ನಾನು ಎಷ್ಟು ಸಲ ರೇಗಿದ್ದೇನೆ. ಅಜ್ಜಿಯ ಕಿವಿ ಬಹಳ ಚುರುಕು ಎಂದು ಅಪ್ಪ ನಗುತ್ತಿದ್ದರು.

ಬುಲ್ಕಿ ಅಂದರೇನು, ಯಾವ ಭಾಷೆಯದು ಎಂದು ಲೊಟ್ಟೆ ಎಂಬ ಹುಡುಗಿ ಕೇಳಿದಳು. ನಗಬೇಡ, ಅದು ಅವಳ ಕರೆಯುವ ಹೆಸರು, ಕಾಗದದಲ್ಲಿ ಶಾರ್ಲಟ್. ನಮ್ಮಜ್ಜಿ ಇಟ್ಟದ್ದು, ಅರ್ಥ ಗೊತ್ತಿಲ್ಲ, ಕನ್ನಡದಲ್ಲಿ ಅಂಥ ಮಾತಿಲ್ಲ ಎಂದೆ.

ಆ ಹುಡುಗರಿಗೆ ನಿನ್ನ ಕಥೆ ಹೇಳಲಿಲ್ಲ. ಅದು ನಿನ್ನದು, ನಿನ್ನನ್ನು ಕೇಳದೆ ಹೇಗೆ ಹೇಳಲಿ? ಆದರೆ ಅವರ ಇಂಗ್ಲಿಷು ತಿದ್ದುತ್ತ ಕೂತಾಗ ನನಗೆ ಕಂಡದ್ದು ನಮ್ಮ ಸೆಟ್ಲಮೆಂಟೇ. ಬ್ರಿಟಿಷರು ನಮ್ಮ ಮಂದಿಯನ್ನು ಹುಟ್ಟುಗಳ್ಳರೆಂದು ಬರೆದು ತಂತಿಬೇಲಿಯೊಳಗೆ ಇಟ್ಟದ್ದು, ಹೊತ್ತುಹೊತ್ತಿಗೆ ಹಾಜರಿ ಕೂಗಿದ್ದು, ಹೆತ್ತವರ ಗುಣ ಅಂಟಬಾರದೆಂದು ಮಕ್ಕಳನ್ನು ಬೇರೆ ಹಾಸ್ಟೆಲಿಗೆ ಹಾಕಿದ್ದು. ನಿನಗೆ ಆಗ ಐದೋ ಆರೋ ವರ್ಷ. ನಿನಗೆ ಅಕ್ಷರ ಕಲಿಸಿದವರೂ ಅವರೇ, ಲೀಲಾ ಎಂದು ಹೆಸರು ಬರೆದುಕೊಂಡವರೂ ಅವರೇ. ಎಷ್ಟು ಕೇಳಿದರೂ ನೀನು 'ಊಟ ಚಲೋ ಇತ್ತು' ಎಂದು ಮುಗಿಸುತ್ತಿದ್ದೆ. ಆ ಮಾತು ಬಂದರೆ ಸಾಕು, ಅಪ್ಪ ಟಿವಿ ಸದ್ದು ಜೋರು ಮಾಡುತ್ತಾರೆ. ಒಮ್ಮೆ ಮಾತ್ರ, ನಾನು ಜ್ವರ ಬಂದು ನಿನ್ನ ತೊಡೆಯ ಮೇಲೆ ಮಲಗಿದ್ದಾಗ, ನನಗೆ ನಿದ್ದೆ ಹತ್ತಿದೆ ಎಂದುಕೊಂಡು ಹೇಳಿದ್ದೆ. 'ಅವ್ವ ತಂತಿ ಆಚೆ ನಿಂತು ಕರೀತಿದ್ಲು. ನಮ್ಮ ಮಾತಿನ್ಯಾಗ ಬಾಯಿ ತಗದ್ರ ಹೊಡೀತಿದ್ರು. ನನಗ ಓ ಅನ್ನಾಕ ಆಗಲಿಲ್ಲ.' ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ನಮ್ಮವರ ಆ ಭಾಷೆ ಬಲ್ಲವರು ಈಗ ಓಣಿಯಲ್ಲಿ ಯಾರೂ ಉಳಿದಿಲ್ಲ, ನಿನ್ನೊಬ್ಬಳನ್ನು ಬಿಟ್ಟು.

ಮೊನ್ನೆ ಮಂಗಳವಾರ ಸಭೆ ಆಯಿತು. ತಿರುವಿ ಹಾಕಿದ ಅಂಗಿಗಳ ಹೊಲಿಗೆಯೆಲ್ಲ ಹೊರಗೆ ಕಾಣುತ್ತಿತ್ತು. ಒಬ್ಬೊಬ್ಬರೂ ಮುಂದೆ ಬಂದು ತಮ್ಮ ಕರೆಯುವ ಹೆಸರು, ಅದನ್ನು ಇಟ್ಟವರು ಯಾರು ಎಂದು ಹೇಳಿದರು. ಆಮೇಲೆ ಲೊಟ್ಟೆ ಓದಿದಳು: ಆ ಮಕ್ಕಳಿಗೂ ಮನೆಯಲ್ಲಿ ಒಂದೊಂದು ಹೆಸರಿತ್ತು, ಕೆಲವು ಹೆಸರು ಈಗ ಯಾರಿಗೂ ಗೊತ್ತಿಲ್ಲ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಅವಳ ಪುಟ್ಟ ತಂಗಿ 'ಲೊಟ್ಟೆ' ಎಂದು ಕೂಗಿತು. ಇವಳು ಓದುವುದನ್ನು ಬಿಟ್ಟು ತಟ್ಟನೆ 'ಯಾ' ಎಂದುಬಿಟ್ಟಳು, ಇಲ್ಲಿಯವರ 'ಓ' ಅದು. ಸಭೆಯೆಲ್ಲ ನಕ್ಕಿತು. ನನಗೆ ಅಳು ಬಂತು. ಹೆಸರು ಕಿವಿಗೆ ಬಿದ್ದರೆ ಯಾರೂ ಯೋಚಿಸಿ ಓ ಎನ್ನುವುದಿಲ್ಲ ಅಜ್ಜಿ, ಬಾಯಿ ತಾನಾಗಿ ಅಂದುಬಿಡುತ್ತದೆ. ಏನಾಯಿತು ಎಂದು ಮಾರ್ಲೇನ್ ಕೇಳಿದಳು. ನೆಗಡಿ ಎಂದೆ.

ಬಿ.ಪಿ. ಮಾತ್ರೆ ತಪ್ಪಿಸಬೇಡ. ಚಳಿ ಶುರುವಾಗುವ ಮೊದಲು ಆ ಹಸಿರು ಶಾಲು ಹೊರಗೆ ತೆಗೆಸು. ಅಪ್ಪನಿಗೂ ಅವ್ವನಿಗೂ ನನ್ನ ನಮಸ್ಕಾರ ತಿಳಿಸು. ಪತ್ರದಲ್ಲಿ ಏನಿದೆ ಎಂದು ಅವರು ಕೇಳಿದರೆ, ಅಲ್ಲಿ ಊಟ ಚಲೋ ಅದ ಎಂದು ಬರೆದಿದ್ದಾಳೆ ಅನ್ನು. ನಿನ್ನ ಆಶೀರ್ವಾದ ಇರಲಿ.

ನಿನ್ನ ಮೊಮ್ಮಗಳು,
ಚಂದ್ರಪ್ರಭಾ

ತಾ.ಕ.: ಮೇಲೆ ರೂಢಿಯಂತೆ ಬುಲ್ಕಿ ಎಂದು ಬರೆದೆ, ಸಹಿ ಮಾಡುವಾಗ ಕೈ ಏಳಲಿಲ್ಲ. ಅದು ನಿನ್ನ ಹೆಸರಲ್ಲವೇ ಅಜ್ಜಿ? ತಂತಿಯ ಆಚೆಯಿಂದ ನಿನ್ನ ಅವ್ವ ಕರೆಯುತ್ತಿದ್ದದ್ದು ಅದೇ ತಾನೆ? ಬಾಯಿಬಿಟ್ಟು ಹೇಳುವುದು ಕಷ್ಟವಾದರೆ ಹೇಳಬೇಡ. ದೀಪಾವಳಿ ಪಾಡ್ಯದ ದಿನ ಫೋನ್ ಮಾಡುತ್ತೇನೆ. ಅಪ್ಪ ಬೇಕಾದರೆ ಸ್ಪೀಕರ್ ಹಾಕಲಿ, ಓಣಿಯೆಲ್ಲ ಕೇಳಲಿ. ನಾನು ಒಮ್ಮೆ 'ಏ ಬುಲ್ಕೀ' ಎಂದು ಕರೆಯುತ್ತೇನೆ. ಹೌದಾದರೆ, ಓ ಅನ್ನು.