ಅಪ್ಪನ ಹವೋರಿಯ ಒಳಮೈ

ಅಪ್ಪಾ,

ತೀರಿಹೋದ ನೀವು ಇದನ್ನು ಓದುವುದಿಲ್ಲ ಅಂತ ಗೊತ್ತು. ಆದರೂ ಹೇಳದೆ ಇರಲಾರೆ.

ಇವತ್ತು ಕಪ್ಪು-ಬಿಳಿ ಕಾಯಿಗಳ ನಿಮ್ಮ ಗೋ ಆಟದ ಗೆಳೆಯರು ಊಟಕ್ಕೆ ಕರೆದಿದ್ದರು. ನಿಮ್ಮ ಹಳೆಯ ಕಪ್ಪು ರೇಷ್ಮೆ ಹವೋರಿ ತೊಡೋಣ ಅಂತ ಬಿಡಿಸಿದರೆ, ಒಳಗಿನ ಲೈನಿಂಗ್ ಮೇಲೆಲ್ಲ ಸಾಕೆ ಮದ್ಯ ಕುಡಿದು ಕುಣಿಯುವ ಆಕ್ಟೋಪಸ್ ಚಿತ್ರ! ಮನೆಯಲ್ಲಿ ಒಮ್ಮೆಯೂ ನಗದ ನಿಮ್ಮ ಮೇಲಂಗಿಯಲ್ಲಿ. ಯಾರಿಗೂ ಕಾಣದಿರಲಿ ಅಂತ ಮುಂದೆ ಬಿಗಿಯಾಗಿ ಸುತ್ತಿಕೊಂಡು ಹೋದೆ.

ಬಾಗಿಲಲ್ಲೇ ನಿಮ್ಮ ಗೆಳೆಯ ಮೊರಿವಾಕಿ ಮಾವ ತಡೆದರು. "ಏನಮ್ಮ ಅಕಿಯೊ, ಚಳಿ ಜ್ವರಾನಾ? ಇದನ್ನ ಕಿಮೋನೊ ತರ ಸುತ್ಕೋಬಾರದು, ಮುಂದೆ ತೆರೆದೇ ಇರಬೇಕು."

ಕಾಲರನ್ನು ಹೊರಕ್ಕೆ ಮಡಚಿ, ಎದೆಯ ಹತ್ತಿರ ದಾರ ಸಡಿಲವಾಗಿ ಕಟ್ಟಿಕೊಟ್ಟರು. ಆಮೇಲೆ, "ಈಗ ಬಿಚ್ಚು" ಅಂದರು.

"ಈಗ ತಾನೆ ಕಟ್ಟಿದ್ರಲ್ಲ ಮಾವ?"

"ನಿಮ್ಮಪ್ಪನ ಆಕ್ಟೋಪಸ್ ನೋಡದೆ ನಮಗೆ ಊಟ ಸೇರುತ್ತಾ?"

ಪ್ರತಿ ವರ್ಷ ಈ ಊಟದಲ್ಲಿ ನೀವು ಹವೋರಿಯನ್ನು ಒಳಮೈ ಹೊರಗಾಗಿ ತಿರುವಿ ಹಾಕಿಕೊಂಡು ಕುಣಿಯುತ್ತಿದ್ದಿರಂತೆ. ಅವರು ಹೇಳಿಕೊಟ್ಟ ಹಾಗೆ ನಾನೂ ಕುಣಿದೆ. ನಕ್ಕು ನಕ್ಕು ಹೊಟ್ಟೆ ನೋವು ಬಂತು.

ಮನೆಗೆ ಬಂದು ಹೇಳಿದರೆ ಅಮ್ಮ ನಂಬಲೇ ಇಲ್ಲ. ಅವಳ ಮುಂದೆಯೂ ಕುಣಿದು ತೋರಿಸಿದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಮೆಲ್ಲಗೆ, "ಇನ್ನೊಂದ್ಸಲ ಕುಣಿಯೇ, ನಿಮ್ಮಪ್ಪ ಅಲ್ಲಿ ಹೇಗಿರ್ತಿದ್ರು ಅಂತ ಸರಿಯಾಗಿ ನೋಡ್ತೀನಿ" ಅಂದಳು.

ಅಕಿಯೊ