ನೆಗ್ಗಿದ ಡಬ್ಬಿಗಳು

ಜೂನ್ ೧೧, ಮಂಗಳವಾರ

ಆ ಸಿಹಿ ಸೋಡಾ ಡಬ್ಬಿಗಳು ತಾವಾಗಿ ನೆಗ್ಗುತ್ತಿರಲಿಲ್ಲ. ನಾನೇ ಕಟ್ಟೆಯ ಅಂಚಿಗೆ ಕುಟ್ಟುತ್ತಿದ್ದೆ. ಎರಡು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ನಮ್ಮ ಗೋದಾಮಿನಲ್ಲಿ ನೆಗ್ಗಿದ ಡಬ್ಬಿಯನ್ನು ಅಂಗಡಿಗೆ ಕಳಿಸುವುದಿಲ್ಲ, ಕೆಲಸದವರು ಮನೆಗೆ ಒಯ್ಯಬಹುದು. ದಿನಕ್ಕೆ ಮೂರು ಕುಟ್ಟುತ್ತಿದ್ದೆ. ಒಂದು ನನಗೆ, ಎರಡು ತಂಗಿಗೆ.

ಬೆಳಿಗ್ಗೆ ಹಲ್ಲಿನ ಡಾಕ್ಟರು ಅವಳ ಬಾಯಿ ನೋಡಿ, ನಾಲ್ಕು ಹಲ್ಲು ಕೀಳಬೇಕು ಅಂದರು. ಅದರಲ್ಲಿ ಎರಡು ಮತ್ತೆ ಹುಟ್ಟುವ ಹಲ್ಲಲ್ಲ. ಅವಳಿಗಿನ್ನೂ ಒಂಬತ್ತು ವರ್ಷ.

"ಎಲ್ಲಾ ಇವಳ ಚಿಕ್ಕಮ್ಮ ತಂದುಕೊಡೋ ಮಿಠಾಯಿಯಿಂದ" ಅಂದಳು ಅಮ್ಮ. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ತಂಗಿ ನನ್ನ ಕಡೆ ನೋಡಿದಳು, ಅವಳೂ ಹೇಳಲಿಲ್ಲ. ಆ ಹಾಳು ಹಲ್ಲುಗಳನ್ನು ಇಟ್ಟುಕೊಂಡು ನನ್ನನ್ನು ಕಾಪಾಡಿದಳು. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಹೊರಗೆ ಬಂದ ಮೇಲೆ ಹೇಳಿಬಿಟ್ಟೆ. ಅಮ್ಮ ಹೊಡೆಯಲಿಲ್ಲ. "ಶಾಲೆ ಬಿಟ್ಟು ಕಲಿತದ್ದು ಇದೇನಾ?" ಅಂದಳು, ಅಷ್ಟೇ. ಹೊಡೆದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಗೋದಾಮಿನ ಮೇಸ್ತ್ರಿಗೂ ಹೇಳಿದೆ. ಅವನು ನಕ್ಕ. "ಪುಕ್ಕಟೆ ಸಿಕ್ತು ಅಂತ ಕುಡಿ ಅಂದವನು ನಾನೇನಮ್ಮಾ?" ಅವನ ಮೇಜಿನ ಮೇಲೆ ಬಿಸಿನೀರಿನ ಫ್ಲಾಸ್ಕ್ ಇತ್ತು. ಇಲ್ಲಿ ಕೆಲಸ ಮಾಡಿದ ಹನ್ನೆರಡು ವರ್ಷದಲ್ಲಿ ಅವನು ಒಂದು ಡಬ್ಬಿಯನ್ನೂ ತೆರೆದವನಲ್ಲ. ಅದು ಹಲ್ಲು ತಿನ್ನುತ್ತದೆ ಅಂತ ಗೊತ್ತಿತ್ತು ಆ ಪುಣ್ಯಾತ್ಮನಿಗೆ!

ಅವನನ್ನು ಬೈದು ಏನು ಬಂತು? ದಿನಕ್ಕೆ ಒಂದೇ ಅಂತ ಎರಡು ಸಲ ಆಣೆ ಮಾಡಿ ಮುರಿದವಳು ನಾನು. ಇವತ್ತು, ಇಷ್ಟೆಲ್ಲಾ ಆದ ಮೇಲೂ, ಸಂಜೆ ನೋಡಿದರೆ ಕೈಯಲ್ಲಿ ಡಬ್ಬಿ, ಎದುರಿಗೆ ಕಟ್ಟೆಯ ಅಂಚು. ಅಲ್ಲಿದ್ದಷ್ಟು ದಿನ ಈ ಕೈಯನ್ನು ನಂಬಲಾರೆ.

ನಾಳೆ ಗೋದಾಮು ಬಿಡುತ್ತಿದ್ದೇನೆ.