ದೃಷ್ಟಿಗುಂಬಳದ ಹಗ್ಗ

ತಮ್ಮಾ ಪ್ರಭಾಕರಾ,

ಫೋನು ಮನೇಲೇ ಬಿಟ್ಟು ತೋಟಕ್ಕೆ ಹೋಗಿದ್ದೀಯ, ಅದಕ್ಕೇ ಅದರಡಿ ಈ ಚೀಟಿ ಇಟ್ಟಿದ್ದೀನಿ. ಹೊಸ ಮನೆಗೆ ದೃಷ್ಟಿಯಾಗದಿರಲಿ ಅಂತ ಅವ್ವ ನಿನ್ನೆ ಬೂದುಗುಂಬಳ ಕಟ್ಟಿದಳಲ್ಲ, ಅದಕ್ಕೆ ಗಾರೆಯವರು ಹತ್ತಿ ನಿಲ್ಲೋ ಸಾರುವೆಯನ್ನು ಮಹಡಿ ಕಿಟಕಿಗೆ ಬಿಗಿದಿದ್ದ ಹಗ್ಗವನ್ನೇ ಬಿಚ್ಚಿಕೊಂಡಿದ್ದಾಳೆ! ಈಗಷ್ಟೇ ನೋಡಿದೆ. ಗಾಳಿಗೆ ಸಾರುವೆ ಗೋಡೆ ಬಿಟ್ಟು ಅಲ್ಲಾಡ್ತಿದೆ.

ಆಡಿ ತಿಂಗಳ ಆಷಾಢದ ಗಾಳಿ ಇಳಿದ ಮೇಲೆ ಹೊರಗೋಡೆಗೆ ಗಾರೆ ಹಾಕಿಸೋಣ ಅಂತ ಬಡ್ಕೊಂಡೆ, ನೀನು ಕೇಳಿದೆಯಾ?

ಅಯ್ಯನಾರ್ ಮೇಸ್ತ್ರಿ ಫೋನ್ ತೆಗೀತಿಲ್ಲ. ಕೊಂಬೈಗೆ, ಅವರ ಮನೆಗೇ ಓಡ್ತಿದ್ದೀನಿ. ಅಷ್ಟರಲ್ಲಿ ಆಳುಗಳು ಬಂದರೆ ಒಬ್ಬರನ್ನೂ ಹತ್ತಿಸಬೇಡ. ಅವ್ವನ್ನ ಬೈಬೇಡ, ಕೆಲಸ ಯಾಕೆ ನಿಲ್ಲಿಸಿದೆ ಅಂತ ಯಾರಾದರೂ ಕೇಳಿದರೆ ಗಾಳಿ ಜಾಸ್ತಿ ಅನ್ನು.

ಹಗ್ಗ ಕಟ್ತೀನಿ ಅಂತ ನೀನೂ ಹತ್ತಬೇಡಪ್ಪ. ಮೇಸ್ತ್ರಿ ಬಂದು ಹಗ್ಗ ವಾಪಸ್ ಬಿಚ್ಚಿಕೊಳ್ಳುವಾಗ ಕುಂಬಳಕಾಯಿ ಬಿದ್ದರೆ ಬೀಳಲಿ, ಇನ್ನೊಂದು ತರೋಣ.

ಅಕ್ಕ ತೇನ್‌ಮೊಳಿ